ಆಯತಘನದಲ್ಲಿ ಹಿತಕಿದ ಬೇಳೆ

ನಮ್ಮ ಮನೆಯಲ್ಲಿ ಈಗ ‘ನೂರಕ್ಕೆ ನೂರು’ ಎಂಬ ಮಾತನ್ನು ಆಡುವಂತಿಲ್ಲ. ಆಡಿದರೆ ನನ್ನ ಹೆಂಡತಿ ಶಶಿರೇಖಾ ತನ್ನ ತೋರುಬೆರಳನ್ನು ಅಡ್ಡಲಾಗಿ ಎತ್ತಿ ತೋರಿಸುತ್ತಾಳೆ. ಮಾತಿಲ್ಲ ಕತೆಯಿಲ್ಲ, ಒಂದೇ ಒಂದು ಬೆರಳು. ಮನೆಗೆ ಬಂದವರು ಇದೇನೋ ಹೊಸ ಯೋಗಮುದ್ರೆ ಇರಬೇಕು ಎಂದುಕೊಳ್ಳುತ್ತಾರೆ. ನಾನು ಮಾತ್ರ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಪೇಪರು ಹಿಡಿದು ಕೂರುತ್ತೇನೆ. ಆ ಬೆರಳಿನ ಹಿಂದೆ ಒಂದು ಅವಮಾನದ ಇತಿಹಾಸವಿದೆ. ನಿಮಗಾದರೂ ಹೇಳಿಕೊಂಡರೆ ಹೊಟ್ಟೆ ಹಗುರಾದೀತು.

ನಾನು ವೇಣುಗೋಪಾಲ್, ದೊಡ್ಡಬಳ್ಳಾಪುರದ ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ತಲೆಮಾರುಗಟ್ಟಲೆ ಮಕ್ಕಳಿಗೆ ‘ಉದ್ದ, ಅಗಲ, ಎತ್ತರ ಗುಣಿಸಿದರೆ ಆಯತಘನದ ಘನಫಲ’ ಎಂದು ಉರು ಹೊಡೆಸಿದವನು. ಬೇರೆಯವರಿಗೆ ಪ್ರಪಂಚ ಹೇಗೆ ಕಾಣುತ್ತದೋ ಗೊತ್ತಿಲ್ಲ, ನನಗೆ ಅದು ಆಯತಘನಗಳ ಸಂತೆಯಾಗಿ ಕಾಣುತ್ತದೆ. ಬೆಂಕಿಪೊಟ್ಟಣ ಆಯತಘನ, ಬಾಶೆಟ್ಟಿಹಳ್ಳಿಯಿಂದ ಕಾರ್ಖಾನೆ ಜನರನ್ನು ತುಂಬಿಕೊಂಡು ಬರುವ ಬಸ್ಸು ಆಯತಘನ, ಅದರಲ್ಲಿ ಶೇಕಡಾ ನೂರಾ ಅರವತ್ತು ಜನ. (ನನ್ನ ಹೆಂಡತಿ ಮಾತ್ರ ಯಾವ ಸೂತ್ರಕ್ಕೂ ಸಿಕ್ಕದ ಆಕೃತಿ. ಇದನ್ನು ಒಮ್ಮೆ ಆಕೆಯ ಎದುರಿಗೇ ಹೇಳಿ, ಒಂದು ವಾರ ಬರೀ ಅನ್ನ ಮಜ್ಜಿಗೆ ಉಂಡಿದ್ದೇನೆ.)

ನಮ್ಮ ಒಬ್ಬಳೇ ಮಗಳು ಸಿಂಚನಳನ್ನು ನೆಲಮಂಗಲಕ್ಕೆ ಕೊಟ್ಟಿದ್ದೇವೆ. ಅಳಿಯ ಸುನಿಲ್‌ಕುಮಾರ್ ಅಲ್ಲಿಯ ಒಂದು ದೊಡ್ಡ ಗೋಡೌನಿನಲ್ಲಿ ಸೂಪರ್‌ವೈಸರ್. ಹೋದ ಡಿಸೆಂಬರಿನಲ್ಲಿ ಮಗಳು ಬಸುರಿಯಾದ ಸುದ್ದಿ ಬಂತು. ನಮ್ಮಿಬ್ಬರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಆ ಕೂಸು ಹೊಟ್ಟೆಗೆ ಬಂದ ಗಳಿಗೆ ಅವರೆಕಾಯಿ ಕಾಲ. ನಮ್ಮ ಸೀಮೆಯಲ್ಲಿ ಆ ಕಾಲ ಬಂತೆಂದರೆ ಬೆಳಗ್ಗೆ ಅವರೆ ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳು ಸಾರು, ರಾತ್ರಿ ಮುದ್ದೆಗೆ ಹಿತಕಿದ ಬೇಳೆ. ನಮ್ಮ ಸಿಂಚನಳಂತೂ ಚಿಕ್ಕಂದಿನಿಂದ ಹಿತಕಿದ ಬೇಳೆ ಸಾರೆಂದರೆ ಪ್ರಾಣ ಬಿಡುವವಳು. ಅಂಥವಳಿಗೆ ಈಗ ಎರಡು ಮನೆಯಾಚೆ ಅವರೆ ಬೇಯಿಸಿದರೂ ಹೊಟ್ಟೆ ತೊಳಸಿ ಬಚ್ಚಲಿಗೆ ಓಡುವ ಸ್ಥಿತಿ.

ಒಂದು ಸಂಜೆ ಫೋನು ಮಾಡಿ ಅತ್ತೇಬಿಟ್ಟಳು.

“ಅಪ್ಪಾ, ಈ ವರ್ಷದ ಅವರೆ ನನ್ನ ಬಾಯಿಗಿಲ್ಲ ಕಣಪ್ಪಾ. ಆಸೆ ನೋಡಿದ್ರೆ ಇಷ್ಟಗಲ ಐತೆ. ವಾಸನೆ ಬಂದ್ರೆ ಆಗಲ್ಲ. ವಾಂತಿ ನಿಲ್ಲೋ ಹೊತ್ತಿಗೆ ಸೊಗಡು ಮುಗ್ದೋಗಿರತ್ತೆ.”

ಈಗ ವರ್ಷವಿಡೀ ಅವರೆಕಾಯಿ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ, ಆದರೆ ಅದಕ್ಕೆ ಸೊಗಡಿಲ್ಲ. ಸಂಕ್ರಾಂತಿಯ ಮಂಜು ಕುಡಿದ ಕಾಯಿಯೇ ಬೇರೆ, ಬೇಸಿಗೆಯಲ್ಲಿ ನೀರು ಹಾಯಿಸಿ ಬೆಳೆದ ಕಾಯಿಯೇ ಬೇರೆ. ಇದನ್ನು ತಿಳಿಯದ ಮಗಳನ್ನು ನಾನು ಹೆತ್ತಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ನಾನೆಂಥ ಅಪ್ಪ?

“ಅಳ್ಬೇಡ ಕಣಮ್ಮಾ. ಏಪ್ರಿಲ್‌ನಲ್ಲಿ ನಿನ್ನ ಸೀಮಂತ ತಾನೇ? ಅವತ್ತು ನಿನ್ನ ಎಲೆ ಮೇಲೆ ಹಿತಕಿದ ಬೇಳೆ ಸಾರು ಬಡಿಸ್ತೀನಿ. ಇದೇ ಸೊಗಡಿಂದು. ನಿಂಗೊಬ್ಬಳಿಗೇ ಅಲ್ಲ, ಬಂದಿರೋ ನೂರೈವತ್ತು ಜನಕ್ಕೂ!”

ಅಳುತ್ತಿದ್ದವಳು ಮೂಗೆಳೆದುಕೊಂಡು ನಕ್ಕಳು. ಆ ನಗುವಿನಲ್ಲಿ ನಾನು ಜಾರಿಬಿದ್ದೆ. ಫೋನಿಟ್ಟು ತಿರುಗಿ ನೋಡಿದರೆ ಶಶಿರೇಖಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನೂರೈವತ್ತು ಜನಕ್ಕೆ ಹಿತಕಿದ ಬೇಳೆ, ಅದೂ ಏಪ್ರಿಲ್‌ನಲ್ಲಿ. ಎಲ್ಲಿಡ್ತೀರಿ? ನಿಮ್ಮ ತಲೇಲಾ? ಅಲ್ಲಾದ್ರೆ ಜಾಗ ಐತೆ.”

“ಫ್ರೀಜರ್‌ನಲ್ಲಿ ಕಣೇ. ಶಾಸ್ತ್ರೀಯವಾಗಿ ಶೇಖರಿಸಿದರೆ ಅವರೆ ಏನು, ಆನೇನೂ ಇಡಬಹುದು.”

ಮರುದಿನವೇ ಟೇಪು ಹಿಡಿದು ಫ್ರಿಜ್ಜಿನ ಮೇಲಂತಸ್ತಿನೊಳಗೆ ತಲೆ ತೂರಿಸಿದೆ. ಅಗಲ ನಲವತ್ತೆಂಟು ಸೆಂಟಿಮೀಟರ್, ಆಳ ಮೂವತ್ತಾರು, ಎತ್ತರ ಇಪ್ಪತ್ತನಾಲ್ಕು. ಆಹಾ, ಎಂಥ ಸಂಖ್ಯೆಗಳು! ಮೂರೂ ಹನ್ನೆರಡರ ಮಗ್ಗಿಯಲ್ಲಿ ಬರುತ್ತವೆ. ಈ ಫ್ರಿಜ್ಜು ಮಾಡಿದವನು ಹಿಂದಿನ ಜನ್ಮದಲ್ಲಿ ಗಣಿತದ ಮೇಷ್ಟ್ರಾಗಿದ್ದಿರಬೇಕು. ಘನಫಲ ನಲವತ್ತೊಂದೂವರೆ ಲೀಟರಿಗೆ ಕೂದಲೆಳೆ ಕಡಿಮೆ. ಅದರಲ್ಲಿ ಆಗ ಇದ್ದದ್ದೇನು? ಒಂದು ಬಟ್ಟಲು ಕಾಯಿತುರಿ, ಒಂದು ಕಟ್ಟು ಕರಿಬೇವು, ಐಸ್ ಟ್ರೇ, ಮತ್ತು ಕವರಿನಲ್ಲಿ ಸುತ್ತಿದ ಏನೋ ಒಂದು. ಅದೇನೆಂದು ಶಶಿರೇಖಾಳಿಗೂ ನೆನಪಿರಲಿಲ್ಲ.

“ನೋಡೇ, ಬಳಕೆ ಶೇಕಡಾ ಹದಿನೈದೂ ಇಲ್ಲ! ಇನ್ನು ನಿನ್ನ ಗುಂಡು ಡಬ್ಬಿಗಳೋ, ಅವು ಮನೆಯ ಶತ್ರುಗಳು. ಚೌಕದ ಜಾಗದಲ್ಲಿ ಗುಂಡು ಡಬ್ಬಿ ಇಟ್ಟರೆ ನಾಲ್ಕು ಮೂಲೆಯೂ ಖಾಲಿ. ಶೇಕಡಾ ಇಪ್ಪತ್ತೊಂದೂವರೆ ಜಾಗ ದಂಡ!”

“ಮದ್ವೆ ಆದಾಗ್ನಿಂದ ಆ ಗುಂಡು ಡಬ್ಬೀಲೇ ನಿಮ್ಗೆ ಉಪ್ಪಿನಕಾಯಿ ಹಾಕಿದ್ದು.”

“ಅಂದ್ರೆ ಮದುವೆಯಾದಾಗಿನಿಂದ ಇಪ್ಪತ್ತೊಂದೂವರೆ ಪರ್ಸೆಂಟ್ ಉಪ್ಪಿನಕಾಯಿ ನನಗೆ ಸಿಕ್ಕೇ ಇಲ್ಲ ಅಂತ ಲೆಕ್ಕ.”

ಅವತ್ತು ರಾತ್ರಿಯ ಊಟದಲ್ಲಿ ಉಪ್ಪಿನಕಾಯಿಯ ನಷ್ಟ ಶೇಕಡಾ ನೂರು.

ನಮ್ಮ ಬೀದಿಯಲ್ಲೇ ಇರುವ ಮುನಾವರ್ ಪಾಷಾ ಬಸ್‌ಸ್ಟ್ಯಾಂಡಿನ ಹತ್ತಿರ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ನಾನು ಟೇಪು ಬಿಚ್ಚಿಕೊಂಡೇ ಒಳಗೆ ಹೋದೆ.

“ಕ್ಯಾ ಮಾಷ್ಟ್ರೇ, ಡಬ್ಬಿ ತಗೊಳ್ಳೋಕೆ ಬಂದ್ರಾ, ಸೈಟು ಅಳೆಯೋಕೆ ಬಂದ್ರಾ?”

“ಹದಿನಾರು, ಹನ್ನೆರಡು, ಎಂಟು. ಈ ಅಳತೆ ಡಬ್ಬಿ ಬೇಕು ಪಾಷಾ ಅವರೇ. ಒಂದು ಕೂದಲು ಹೆಚ್ಚು ಕಡಿಮೆ ಇರಬಾರದು.”

ಪಾಪ, ಅಟ್ಟದ ಮೇಲಿನದ್ದನ್ನೆಲ್ಲ ಕೆಳಗಿಳಿಸಿದರು. ಕೊನೆಗೂ ಸಿಕ್ಕಿತು ಆ ಅವತಾರಪುರುಷ: ನೀಲಿ ಮುಚ್ಚಳದ ಡಬ್ಬಿ, ಹೊರಗಿನ ಅಳತೆ ಸರಿಯಾಗಿ ಹದಿನಾರು, ಹನ್ನೆರಡು, ಎಂಟು. ಫ್ರೀಜರಿನ ಅಗಲಕ್ಕೆ ಮೂರು, ಆಳಕ್ಕೆ ಮೂರು, ಎತ್ತರಕ್ಕೆ ಮೂರು. ಮೂರು ಮೂರಲೆ ಒಂಬತ್ತು, ಒಂಬತ್ತು ಮೂರಲೆ ಇಪ್ಪತ್ತೇಳು.

“ಇಪ್ಪತ್ತೇಳಾ? ಅಂಗಡಿ ಇಡ್ತಿದೀರಾ ಮಾಷ್ಟ್ರೇ?”

“ಇಲ್ಲ ಪಾಷಾ ಅವರೇ, ಇತಿಹಾಸ ಸೃಷ್ಟಿಸ್ತಿದೀನಿ,” ಎಂದೆ. (ಹಾಗಂದದ್ದು ನಿಜ. ಈಗ ಪಾಷಾ ಎದುರಿಗೆ ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ.)

ಇನ್ನು ಕಾಯಿ. ನನ್ನ ಮಾವ ಗೋಪಾಲಪ್ಪನವರು ಹೊಸಕೋಟೆ ತಾಲ್ಲೂಕಿನ ನಂದಗುಡಿಯಲ್ಲಿ ಈಗಲೂ ತಾವೇ ನಿಂತು ಅವರೆ ಬೆಳೆಯುವವರು. ನಾನು ಲೆಕ್ಕ ಹಾಕಿ ಹೇಳಿದೆ: ಕಾಯಿ ನೂರು ಪಾಲಾದರೆ ಸಿಪ್ಪೆಯೆಲ್ಲ ಕಳೆದು ಬೇಳೆ ಮೂವತ್ತೈದು ಪಾಲು, ಆದ್ದರಿಂದ ಮೂರು ಮೂಟೆ ಕಾಯಿ ಕಳಿಸಿ. ಅವರು ಕಳಿಸಲಿಲ್ಲ, ಅತ್ತೆ ಅಮ್ಮಯಮ್ಮನವರನ್ನೂ ಕೂರಿಸಿಕೊಂಡು ಟೆಂಪೋದಲ್ಲಿ ತಾವೇ ತಂದರು. ಮೂಟೆ ಇಳಿಸಿ, ಟವೆಲಿನಲ್ಲಿ ಮುಖ ಒರೆಸಿಕೊಂಡು ನನ್ನ ಡಬ್ಬಿಗಳ ಗೋಪುರವನ್ನು ಮೇಲಿನಿಂದ ಕೆಳಗೆ ನೋಡಿದರು.

“ಅಳಿಯಂದ್ರೇ, ಅವರೆನ ಕಾಲದಾಗೆ ತಿನ್ಬೇಕು, ಕಾಲ ಕಳುದ್ ಮ್ಯಾಕೆ ನೆನುಸ್ಕೋಬೇಕು. ಪೆಟ್ಗೇಲಿ ಮಡೀಕ್ಕಂಡು ಕೂರಾಕೆ ಅದೇನು ಒಡವೆಯಾ?”

“ಮಾವಾ, ಇದು ನಿಮ್ಮ ಮೊಮ್ಮಗಳ ಬಯಕೆ.”

“ಅಂಗಾದ್ರೆ ಸರಿ ಬುಡಿ,” ಎಂದು ಸುಮ್ಮನಾದರು. ಆದರೆ ಅವರ ಮೀಸೆ ಸುಮ್ಮನಾಗಿರಲಿಲ್ಲ. ಅದು ನಗುತ್ತಿತ್ತು.

ಆಮೇಲೆ ನಡೆದದ್ದು ಮಹಾಸಂಗ್ರಾಮ. ಕಾಯಿ ಸುಲಿಯುವುದೇ ಒಂದು ದಿನ. ಕಾಳು ನೆನೆಹಾಕಿ, ಒಂದೊಂದನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತುಕಿ, ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಬೀಳುವಂತೆ ಮಾಡುವುದು ಇನ್ನೂ ಎರಡು ದಿನ. ಶಶಿರೇಖಾ, ಅಮ್ಮಯಮ್ಮನವರು, ಪಾಷಾರ ಹೆಂಡತಿ ಖದೀಜಾ, ಎಲ್ಲರೂ ಸುತ್ತ ಕೂತು ಟೀವಿಯ ಧಾರಾವಾಹಿ ನೋಡುತ್ತ, ಪಾತ್ರೆಯತ್ತ ಕಣ್ಣೂ ಹಾಯಿಸದೆ, ಮಳೆ ಸುರಿದ ಹಾಗೆ ಬೇಳೆ ಸುರಿಸುತ್ತಿದ್ದರು. ನಾನು ಹಿತುಕಿದ ಬೇಳೆ ಮಾತ್ರ ಪಾತ್ರೆಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹಾರಿತು. ಒಂದು ಟೀವಿಗೆ ಬಡಿಯಿತು, ಒಂದು ಮಾವನವರ ಕಾಫಿ ಲೋಟದಲ್ಲಿ ಮುಳುಗಿತು, ಇನ್ನೊಂದು ನೇರವಾಗಿ ಅತ್ತೆಯವರ ಕನ್ನಡಕಕ್ಕೆ.

“ರೀ, ನೀವು ಎದ್ದು ಲೆಕ್ಕ ಮಾಡ್ಹೋಗಿ,” ಎಂದು ಶಶಿರೇಖಾ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಿದಳು. ಮೂಟೆಗಳಲ್ಲಿ ಶೇಕಡಾ ಅರವತ್ತೈದು ಸಿಪ್ಪೆಯಾಗಿ ಮಾವನವರ ದನಗಳಿಗೆ ಹೋಯಿತು, ಮೂವತ್ತೈದು ನಮ್ಮ ಜನಗಳಿಗೆ ಉಳಿಯಿತು. ಲೆಕ್ಕ ಅಲ್ಲಿಯವರೆಗೆ ಅಚ್ಚುಕಟ್ಟಾಗಿತ್ತು.

ಮಾವ, ಅತ್ತೆ ಊರಿಗೆ ಹೊರಟ ಮೇಲೆ ನಾನು ಡಬ್ಬಿ ತುಂಬಲು ಕೂತೆ. ಆಗ ನನಗೊಂದು ಜ್ಞಾನೋದಯವಾಯಿತು. ಡಬ್ಬಿಗೆ ಬೇಳೆ ತುಂಬಿದರೂ ಅದು ನಿಜವಾಗಿ ತುಂಬಿದ ಹಾಗಲ್ಲ. ಬೇಳೆ ಬೇಳೆಯ ಸಂದಿಯಲ್ಲಿ ಗಾಳಿ ಕೂತಿರುತ್ತದೆ. ಒಂದು ಡಬ್ಬಿಗೆ ಬೇಳೆ ಹಾಕಿ, ಅದರ ಮೇಲೆ ಅಳೆದು ಅಳೆದು ನೀರು ಹುಯ್ದು ನೋಡಿದೆ. ಗಾಳಿಯೇ ಶೇಕಡಾ ನಲವತ್ತು! ನನ್ನ ಫ್ರೀಜರಿನಲ್ಲಿ, ನನ್ನ ಕರೆಂಟಿನಲ್ಲಿ, ಗಾಳಿ ತಂಪಾಗಿ ಮಲಗುವುದೆ? ಸಂದಿಗಳಿಗೆಲ್ಲ ನೀರು ತುಂಬಿದರೆ ಬೇಳೆ ಒಣಗುವುದೂ ಇಲ್ಲ, ಡಬ್ಬಿ ನೂರಕ್ಕೆ ನೂರು ಭರ್ತಿಯೂ ಆಗುತ್ತದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಂಚಿನವರೆಗೆ ನೀರು ಹುಯ್ದು, ಮುಚ್ಚಳ ಒತ್ತಿ, ಒಂದು ತೊಟ್ಟು ಹೊರಗೆ ಚೆಲ್ಲಿದರೆ ಮಾತ್ರ ಆ ಡಬ್ಬಿ ಪಾಸು ಎಂದು ನಿಯಮ ಮಾಡಿದೆ.

ಶಶಿರೇಖಾ ನೋಡುತ್ತಾ ನಿಂತಿದ್ದವಳು ಬಾಯಿ ತೆರೆದಳು.

“ಮೇಲ್ಗಡೆ ಒಂದು ಬೆರಳು ಜಾಗ ಬಿಡ್ರೀ.”

“ಯಾಕೆ?”

“ಯಾಕೆ ಅಂದ್ರೆ ಏನ್ ಹೇಳಾದು? ನಮ್ಮಮ್ಮ ಬಿಡ್ತಿದ್ರು, ನಾನೂ ಬಿಡ್ತೀನಿ. ಯಾವ ಡಬ್ಬೀನೂ ಬಾಯ್ತನಕ ತುಂಬ್ಬಾರ್ದು.”

“ಇದು ಕಾರಣವಲ್ಲ ಶಶಿ, ಮೂಢನಂಬಿಕೆ. ನಿನ್ನ ಬೆರಳು ತಾ ಇಲ್ಲಿ.” ಬೆರಳಿಗೆ ಟೇಪು ಹಿಡಿದೆ. “ಒಂದೂವರೆ ಸೆಂಟಿಮೀಟರ್. ಡಬ್ಬಿಯ ಎತ್ತರ ಎಂಟು. ಅಂದರೆ ಶೇಕಡಾ ಹದಿನೆಂಟೂ ಮುಕ್ಕಾಲು ಖಾಲಿ. ಇಪ್ಪತ್ತೇಳು ಡಬ್ಬಿಗೆ ಐದು ಡಬ್ಬಿಗಿಂತ ಹೆಚ್ಚು ನಷ್ಟ! ನಿನ್ನ ಒಂದು ಬೆರಳು ಸೀಮಂತದ ಒಂದು ಪಂಕ್ತಿಯನ್ನೇ ಉಪವಾಸ ಕೆಡವುತ್ತೆ.”

“ಒಪ್ದೆ ಮಹಾರಾಯ್ರೆ. ಒಳಗೆ ಇಷ್ಟು ಬಿಗಿಯಾಗಿ ಜೋಡಿಸಿದ್ರೆ, ತೆಗೆಯೋವಾಗ ಬೆರಳು ಎಲ್ಲಿ ತೂರಿಸ್ತೀರಿ?”

“ಅದು ಏಪ್ರಿಲ್ ತಿಂಗಳ ಸಮಸ್ಯೆ.”

ಇಪ್ಪತ್ತೇಳು ಡಬ್ಬಿಯೂ ಇಟ್ಟಿಗೆಯಂತೆ ಒಂದರ ಪಕ್ಕ ಒಂದು, ಒಂದರ ಮೇಲೊಂದು ಕೂತವು. ಕೊನೆಯದನ್ನು ಅಂಗೈಯಿಂದ ಒತ್ತಿ ಕೂರಿಸುವಾಗ ‘ಸುಂಯ್’ ಎಂದು ಗಾಳಿ ಹೊರಬಿತ್ತು. ಇರುವೆಗೆ ಕೂಡ ಒಳಗೆ ಜಾಗವಿರಲಿಲ್ಲ. ಬಾಗಿಲು ಹಾಕುವ ಮುಂಚೆ ಫೋಟೋ ತೆಗೆದು, ನಮ್ಮ ಶಾಲೆಯ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ‘ಸ್ಥಳದ ಬಳಕೆ: ನೂರಕ್ಕೆ ನೂರು’ ಎಂದು ಬರೆದು ಹಾಕಿದೆ. ಮಗಳಿಗೂ ಕಳಿಸಿದೆ. ‘ಲವ್ ಯೂ ಅಪ್ಪಾ’ ಎಂದು ಉತ್ತರ ಬಂತು. ಅಂದು ರಾತ್ರಿ ಚಕ್ರವರ್ತಿಯ ಹಾಗೆ ನಿದ್ದೆ ಮಾಡಿದೆ.

ಚಕ್ರವರ್ತಿಯ ಪತನ ಶುರುವಾದದ್ದು ಮೂರನೆಯ ದಿನದ ಬೆಳಗ್ಗೆ, ಒಂದು ‘ಟಪ್’ ಎಂಬ ಶಬ್ದದಿಂದ.

“ರೀ, ಫ್ರಿಜ್ಜಿನ ಬಾಗ್ಲು ತೆಗೆದಿದ್ದು ಯಾರು?”

“ನಾನಲ್ಲ.”

ಹೋಗಿ ನೋಡಿದರೆ ಮೇಲಿನ ಬಾಗಿಲು ಎರಡು ಬೆರಳಷ್ಟು ತೆರೆದಿದೆ. ಮುಚ್ಚಿದೆ. ಅದು ನಿಧಾನವಾಗಿ ಮತ್ತೆ ತೆರೆದುಕೊಂಡಿತು. ಬೆನ್ನು ಕೊಟ್ಟು ಒತ್ತಿ ನಿಂತೆ. ಬೆನ್ನು ತೆಗೆದ ಕೂಡಲೇ ‘ಟಪ್’. ಬಾಗಿಲು ಪೂರ್ತಿ ತೆರೆದು ನೋಡಿದೆ. ಇಪ್ಪತ್ತೇಳು ಡಬ್ಬಿಯೂ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿವೆ! ನೀಲಿ ಮುಚ್ಚಳಗಳು ಮೇಲಿನವನ್ನು ಒದೆಯುತ್ತಿವೆ, ಮೇಲಿನವು ಚಾವಣಿಯನ್ನು ಒದೆಯುತ್ತಿವೆ, ಮುಂದಿನ ಸಾಲಿನವು ಬಾಗಿಲನ್ನು ಒದ್ದು ಹೊರಬರುತ್ತಿವೆ. ಒಂದನ್ನು ಹಿಡಿದು ಎಳೆದೆ, ಬೆರಳು ಜಾರಿತು. ಶಶಿರೇಖಾ ನನ್ನ ಸೊಂಟ ಹಿಡಿದು ಎಳೆದಳು. ನಾನು ಡಬ್ಬಿ ಹಿಡಿದು ಎಳೆದೆ. ಇಬ್ಬರೂ ಸೇರಿ ಜೋರಾಗಿ ಎಳೆದಾಗ ಫ್ರಿಜ್ಜೇ ಮೂಲೆಯಿಂದ ಹೊರಗೆ ಬಂತು, ಡಬ್ಬಿ ಬರಲಿಲ್ಲ.

“ಏಪ್ರಿಲ್ ಸಮಸ್ಯೆ ಜನವರಿಗೇ ಬಂತಲ್ಲಾ ರೀ,” ಎಂದಳು.

ಬೀದಿಯ ಕೊನೆಯಲ್ಲಿರುವ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಕೆಂಪರಾಜ್‌ಗೆ ಫೋನು ಮಾಡಿದೆ. ಅವನು ಬಂದು, ನೋಡಿ, ನಾಲ್ಕು ನಿಮಿಷ ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡ.

“ಗುರುಗಳೇ, ನೀರು ಹೆಪ್ಪುಗಟ್ಟಿದ್ರೆ ಒಂಬತ್ತು ಪರ್ಸೆಂಟ್ ಹಿಗ್ಗುತ್ತೆ. ನಾನು ಏಳನೇ ಕ್ಲಾಸಿಗೆ ಹೇಳ್ಕೊಡೋ ಪಾಠ ಇದು.”

“ನೀರು ನಲವತ್ತು ಪರ್ಸೆಂಟ್ ಮಾತ್ರ ಅಲ್ವೇನೋ ಇರೋದು!”

“ಹಸಿ ಬೇಳೆ ಒಳಗಿರೋದೂ ನೀರೇ ಅಲ್ವಾ? ಒಟ್ಟು ಏಳೂವರೆ ಪರ್ಸೆಂಟ್ ಅಂತ ಇಟ್ಕೊಳ್ಳಿ. ನೀವೇ ಲೆಕ್ಕ ಹಾಕಿ, ಗಣಿತ ನಿಮ್ದು.”

ಹಾಕಿದೆ. ಅಭ್ಯಾಸಬಲ, ಸಾಯುವಾಗಲೂ ಬಿಡುವುದಿಲ್ಲ. ನಲವತ್ತೊಂದೂವರೆ ಲೀಟರಿಗೆ ಏಳೂವರೆ ಪರ್ಸೆಂಟ್ ಎಂದರೆ ಮೂರು ಲೀಟರಿಗೂ ಮಿಕ್ಕಿತು. ಒಂದು ಡಬ್ಬಿ ಒಂದೂವರೆ ಲೀಟರ್. ಅಂದರೆ ಎರಡು ಡಬ್ಬಿ! ನಾನು ಕರೆದದ್ದು ಇಪ್ಪತ್ತೇಳು ಜನರನ್ನು, ಒಳಗೆ ಬಂದು ಕೂತದ್ದು ಇಪ್ಪತ್ತೊಂಬತ್ತು. ಆ ಇಬ್ಬರಿಗೆ ಜಾಗವಿರಲಿಲ್ಲ. ಪ್ರತಿ ಡಬ್ಬಿಯಲ್ಲೂ ಹೆಂಡತಿಯ ಬೆರಳಿನ ಅರ್ಧದಷ್ಟು ಬಿಟ್ಟಿದ್ದರೂ ಸಾಕಾಗಿತ್ತು. ಇದನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು, ಆದರೆ ಶಶಿರೇಖಾ ನನ್ನ ಮುಖ ನೋಡಿಯೇ ಉತ್ತರ ಓದಿಕೊಂಡಳು. ಆ ತೋರುಬೆರಳು ಮೊದಲ ಬಾರಿಗೆ ಅಡ್ಡಲಾಗಿ ಮೇಲೆದ್ದದ್ದು ಆಗಲೇ.

ಬಾಗಿಲು ಮುಚ್ಚದಿದ್ದರೆ ಒಳಗಿನದು ಕರಗುತ್ತದೆ. ಕರಗದಿದ್ದರೆ ಡಬ್ಬಿ ಹೊರಗೆ ಬರುವುದಿಲ್ಲ. ಕರಗಿದ ಬೇಳೆಯನ್ನು ಮತ್ತೆ ಇಟ್ಟರೆ ಕೆಡುತ್ತದೆ. ಆದ್ದರಿಂದ ಫ್ರಿಜ್ಜು ಆಫ್ ಮಾಡಿ, ಕರಗಿದ್ದನ್ನೆಲ್ಲ ಇಂದೇ ಬೇಯಿಸುವುದು ಎಂದು ಗೃಹಮಂತ್ರಿಗಳ ತೀರ್ಮಾನವಾಯಿತು. ಏಪ್ರಿಲ್‌ನಲ್ಲಿ ನೂರೈವತ್ತು ಜನ ಉಣ್ಣಬೇಕಾಗಿದ್ದ ಸಾರು ಜನವರಿಯ ಒಂದು ಶನಿವಾರ ಇಬ್ಬರ ಮನೆಯಲ್ಲಿ ಕುದಿಯಬೇಕಾಯಿತು. ಸುದ್ದಿ ತಿಳಿದು ಮಾವನವರು ಎರಡು ಕೊಪ್ಪರಿಗೆ ಹಾಕಿಕೊಂಡು ಮತ್ತೆ ಬಂದರು. ಅವರ ಮೀಸೆ ಬಿಡುವಿಲ್ಲದೆ ಕೆಲಸ ಮಾಡುತ್ತಿತ್ತು.

ನನಗಾಗುತ್ತಿದ್ದ ನಾಚಿಕೆಗಿಂತ ದೊಡ್ಡ ಸಂಕಟ ಬೇರೆ ಇತ್ತು. ಸಾರು ಕುದಿಯುತ್ತಿದ್ದ ಹಾಗೆ ನನಗೆ ಮಗಳ ಆ ನಗು ನೆನಪಾಗುತ್ತಿತ್ತು. ಇನ್ನೆಲ್ಲಿಯ ಸೊಗಡು, ಇನ್ನೆಲ್ಲಿಯ ಸೀಮಂತದ ಎಲೆ? ಅವಳಿಗೆ ಫೋನು ಮಾಡಿ ಹೇಳುವ ಧೈರ್ಯ ನನಗಾಗಲಿಲ್ಲ.

ಒಂದು ಕೊಪ್ಪರಿಗೆ ಸಾರು ಶಾಲೆಯ ಹಾಸ್ಟೆಲ್ಲಿಗೆ ಹೋಯಿತು. ಇನ್ನೊಂದನ್ನು ಅದೇ ಇಪ್ಪತ್ತೇಳು ಡಬ್ಬಿಗೆ ತುಂಬಿ ಬೀದಿಯಲ್ಲಿ ಹಂಚಲು ಹೊರಟೆ. ಬೇರೆ ಕಾಲದಲ್ಲಾದರೆ ಹಿತಕಿದ ಬೇಳೆ ಸಾರೆಂದರೆ ಜನ ಓಡಿಬಂದು ಕೈಯೊಡ್ಡುತ್ತಾರೆ. ಆದರೆ ಅವರೆ ಕಾಲದ ನಟ್ಟನಡುವೆ, ಒಂದು ತಿಂಗಳಿಂದ ಮೂರು ಹೊತ್ತೂ ಅದನ್ನೇ ಉಂಡು, ಅದರದ್ದೇ ಸೊಗಡು ಮೈಗೆಲ್ಲ ಹತ್ತಿದ ಜನರ ಮುಂದೆ ಅವರೆ ಸಾರು ಹಿಡಿದು ನಿಂತವನನ್ನು ಯಾರು ಮಾತಾಡಿಸುತ್ತಾರೆ? ಎದುರು ಮನೆಯ ಮಗ್ಗದ ಆವಲಪ್ಪ ಕಿಟಕಿಯಲ್ಲಿ ನನ್ನನ್ನು ನೋಡಿದವರೇ ಒಳಗಿನಿಂದ ಕೂಗಿದರು:

“ಮೇಷ್ಟ್ರೇ, ಮನೇಲಿ ಯಾರೂ ಇಲ್ಲ!”

“ನೀವೇ ಇದೀರಲ್ಲ ಆವಲಪ್ಪನೋರೇ.”

“ನಾನೂ ಇಲ್ಲ ಅಂತಿಟ್ಕಳಿ!”

ಖದೀಜಾ ಬಾಗಿಲಲ್ಲಿ ನಿಂತು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. “ಎರಡು ದಿನ ಕೂತು ನಾನೇ ಹಿತುಕಿದ್ದು ಅಲ್ವಾ ಭಾಯಿ ಇದು? ನಮ್ಮ ಅರ್ಮಾನ್ ಬೆಳಿಗ್ಗೇನೇ ಅಂದ, ಅಮ್ಮೀ, ಇವತ್ತಾದ್ರೂ ಅವರೆ ಬೇಡ ಅಂತ,” ಎಂದರು. ಆದರೂ ಮನೆ ಬಾಗಿಲಿಗೆ ಬಂದ ಅನ್ನವನ್ನು ಬೇಡವೆನ್ನುವ ಜನವಲ್ಲ ನಮ್ಮ ಬೀದಿಯವರು. ತೆಗೆದುಕೊಂಡರು. ಹಾಗೆಯೇ ಬೈದುಕೊಂಡು, ನಕ್ಕುಕೊಂಡು, ಎಲ್ಲ ಮನೆಯವರೂ ತೆಗೆದುಕೊಂಡರು. ನಾನು ಪ್ರತಿಯೊಂದು ಬಾಗಿಲಲ್ಲೂ ಮರೆಯದೆ ಹೇಳಿದೆ: “ಡಬ್ಬಿ ಮಾತ್ರ ವಾಪಸ್ ಬೇಕು. ಒಂದೇ ಅಳತೆಯ ಸೆಟ್ಟು ಅದು.”

ಸಂಜೆ ಕೊಪ್ಪರಿಗೆಯ ತಳದಲ್ಲಿ ನಾಲ್ಕು ಸೌಟು ಉಳಿದಿದ್ದಾಗ ಬೀದಿಯಲ್ಲಿ ಬೈಕು ನಿಂತ ಸದ್ದಾಯಿತು. ನೋಡಿದರೆ ಅಳಿಯ, ಹಿಂದೆ ಸಿಂಚನ! ಮನೆಯ ಗೋಡೆಗೋಡೆಯೂ ಅವರೆಯ ಘಮಲಿನಲ್ಲಿ ನೆನೆದಿತ್ತು. ನಾನು ಗೇಟಿಗೆ ಅಡ್ಡಲಾಗಿ ನಿಂತೆ.

“ಬರ್ಬೇಡಮ್ಮಾ! ಒಳಗೆ ಬರ್ಬೇಡ! ಸುನಿಲ್, ಗಾಡಿ ತಿರುಗಿಸಪ್ಪಾ! ವಾಸನೆ, ವಾಸನೆ!”

“ತಾತ ಫೋನ್ ಮಾಡಿದ್ರು ಅಪ್ಪಾ. ನಕ್ಕೂ ನಕ್ಕೂ ನಂಗೆ ಕೂರೋಕಾಗ್ಲಿಲ್ಲ,” ಎಂದವಳೇ ನನ್ನ ಕೈ ಸರಿಸಿ ಒಳಗೆ ಬಂದು, ನಡುಮನೆಯಲ್ಲಿ ನಿಂತು ದೀರ್ಘವಾಗಿ ಉಸಿರೆಳೆದುಕೊಂಡಳು. ನಾನು ಬಕೆಟ್ಟು ತರಲು ಓಡಿದೆ.

“ಅಮ್ಮಾ, ಮುದ್ದೆ ಐತಾ?”

ನಾನು ಬಕೆಟ್ಟು ಹಿಡಿದುಕೊಂಡೇ ನಿಂತೆ. “ವಾಂತಿ?”

“ಅದು ನಿಂತು ಒಂದು ವಾರ ಆಯ್ತಲ್ಲಪ್ಪಾ. ಅಮ್ಮಂಗೆ ಹೇಳಿದ್ನಲ್ಲ.”

ಶಶಿರೇಖಾಳತ್ತ ತಿರುಗಿದೆ. “ನೀವು ಆಗ ಫ್ರಿಜ್ಜೊಳಗೆ ತಲೆ ಇಟ್ಟಿದ್ರಿ. ಹೇಳ್ದೆ. ಹೂಂ ಅಂದ್ರಿ,” ಎಂದಳು.

ಮಗಳು ನೆಲದ ಮೇಲೆ ಕೂತು, ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ಉಂಡಳು. ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈಯೊಡ್ಡಿದಳು. ಬೆರಳುಗಳನ್ನು ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ ನೆಕ್ಕಿದಳು. ನನಗೆ ಅಂದು ಆದ ಸಂತೋಷ ಎಷ್ಟೆಂದು ಅಳೆಯಲು ಹೋಗುವುದಿಲ್ಲ, ಅಳತೆಯ ಸಹವಾಸ ನನಗೆ ಸಾಕಾಗಿತ್ತು. ಬಕೆಟ್ಟನ್ನು ಕೆಳಗಿಟ್ಟು, ಕಣ್ಣಿಗೆ ಹೊಗೆ ಹೋಯಿತು ಎಂದೆ. ಕೊಪ್ಪರಿಗೆಯ ಒಲೆ ಆರಿ ಎರಡು ಗಂಟೆಯಾಗಿತ್ತು.

ಮಾವನವರು ಎಲೆಯಡಿಕೆ ಮಡಿಚುತ್ತ ಅಂದರು: “ಅಳಿಯಂದ್ರೇ, ನಿಮ್ ಲೆಕ್ಕ ಸರಿಯಾಗಿದ್ದಿದ್ರೆ ನನ್ ಮೊಮ್ಮಗಳು ಏಪ್ರಿಲ್ ಗಂಟ ಬಾಯ್ ಚಪ್ಪರುಸ್ಕಂಡು ಕೂತಿರ್ಬೇಕಾಗಿತ್ತು. ತಪ್ಪಿದ್ದೇ ಒಳ್ಳೇದಾತು. ಇನ್ ಮ್ಯಾಕೂ ಹಿಂಗೇ ತಪ್ತಾ ಇರಿ.”

ಜೀವಮಾನವೆಲ್ಲ ಗಣಿತ ಕಲಿಸಿದವನಿಗೆ ಸಿಕ್ಕ ಅತ್ಯುನ್ನತ ಪ್ರಶಸ್ತಿ ಇದು. ನಾನೂ ಉಬ್ಬಿದೆ, ಹೆಪ್ಪುಗಟ್ಟಿದ ಡಬ್ಬಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚೇ. ಕತೆ ಇಲ್ಲಿಗೆ ನಿಂತಿದ್ದರೆ ನಾನು ಈ ಬೀದಿಯಲ್ಲಿ ತಲೆಯೆತ್ತಿ ತಿರುಗಬಹುದಾಗಿತ್ತು.

ಮರುದಿನ ಭಾನುವಾರ. ಬೆಳಗ್ಗೆ ಗೇಟಿನ ಸದ್ದಾಯಿತು. ಖದೀಜಾ ನೀಲಿ ಮುಚ್ಚಳದ ಡಬ್ಬಿ ಹಿಡಿದು ನಿಂತಿದ್ದರು. ಭೇಷ್, ಮೊದಲನೆಯದು ವಾಪಸ್ ಬಂತು ಎಂದು ಕೈಯೊಡ್ಡಿದೆ. ಭಾರವಾಗಿತ್ತು.

“ಇದೇನಮ್ಮಾ?”

“ಖಾಲಿ ಡಬ್ಬಿ ಹೇಗೆ ಕೊಡೋದು ಭಾಯಿ? ನಮ್ಮಲ್ಲಿ ಕೊಡಲ್ಲ.”

ನಮ್ಮಲ್ಲೂ ಕೊಡುವುದಿಲ್ಲ. ನಮ್ಮ ಬೀದಿಯಲ್ಲಿ ಯಾವ ಮನೆಯಲ್ಲೂ ಕೊಡುವುದಿಲ್ಲ. ಅನ್ನ ತುಂಬಿಕೊಂಡು ಬಂದ ಪಾತ್ರೆ ಬರಿದಾಗಿ ಹಿಂದಿರುಗಬಾರದು. ಮನೆಯಲ್ಲಿ ಏನು ಮಾಡಿದ್ದಾರೋ ಅದನ್ನೇ ತುಂಬಿ ಕೊಡಬೇಕು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಡಬ್ಬಿ ವಾಪಸ್ ಬೇಕೆಂದು ಇಪ್ಪತ್ತೇಳು ಬಾಗಿಲಲ್ಲಿ ನಿಂತು ಸಾರಿ ಬಂದಾಗ ಮಾತ್ರ ಅದು ತಲೆಗೆ ಹೊಳೆಯಲಿಲ್ಲ.

ಮುಚ್ಚಳ ತೆಗೆದೆ. ಅವರೆಕಾಳು ಪಲಾವು.

ಹಿಂದೆಯೇ ಆವಲಪ್ಪ ಬಂದರು, ಅವರೆಕಾಳು ಉಪ್ಪಿಟ್ಟು. ಆಮೇಲೆ ಅವರೆಬೇಳೆ ಹುಗ್ಗಿ, ಅವರೆಕಾಳು ಹಾಕಿದ ಅಕ್ಕಿರೊಟ್ಟಿ, ಕರಿದ ಅವರೆಬೇಳೆ, ಬದನೆಕಾಯಿ ಅವರೆಕಾಳು ಹುಳಿ. ಮಧ್ಯಾಹ್ನದೊಳಗೆ ಇಡೀ ಬೀದಿ ಸಾಲುಗಟ್ಟಿ ಸಾಲ ತೀರಿಸಿ ಹೋಯಿತು. ಕೊನೆಗೆ ಬಂದವನು ಕೆಂಪರಾಜ್. ಅವನ ಡಬ್ಬಿಯಲ್ಲಿ ಹಿತಕಿದ ಬೇಳೆ ಸಾರು. ಒಂದು ಚಮಚ ಬಾಯಿಗಿಟ್ಟು ನೋಡಿದೆ. ಒಗ್ಗರಣೆ ಮಾತ್ರ ಹೊಸದು, ಸಾರು ನಮ್ಮದೇ.

ಅಡುಗೆಮನೆಯ ಕಟ್ಟೆಯ ಮೇಲೆ ಇಪ್ಪತ್ತೇಳು ಆಯತಘನಗಳು ಮತ್ತೆ ಸಾಲಾಗಿ ಕೂತಿದ್ದವು. ನಾನು ಒಂದೊಂದರ ಮುಚ್ಚಳ ತೆಗೆದು ನೋಡುತ್ತ ಹೋದೆ. ಖದೀಜಾರದ್ದು, ಆವಲಪ್ಪನ ಹೆಂಡತಿಯದು, ಕೆಂಪರಾಜನ ಮನೆಯದು, ಒಂದೂ ಬಿಡದೆ ಎಲ್ಲದರಲ್ಲೂ ಮೇಲ್ಗಡೆ ಸರಿಯಾಗಿ ಒಂದು ಬೆರಳು ಜಾಗ ಬಿಟ್ಟಿದ್ದರು.

ಶಶಿರೇಖಾ ಬಂದು ನೋಡಿದಳು. ನನ್ನನ್ನೂ ನೋಡಿದಳು. ಬೆರಳು ಅಡ್ಡಲಾಗಿ ಮೇಲೆದ್ದಿತು.

“ಎತ್ತಿ ಫ್ರಿಜ್ಜಲ್ಲಿಡಿ,” ಎಂದಳು. “ಈಗ ಬಾಗ್ಲು ಹಾಕ್ಕೊಳತ್ತೆ.”